ಭದ್ರಮ್ಮನ ಮುದ್ದೆ

ಪೀಣ್ಯ, 6-2-84

ತಮ್ಮ ವೆಂಕಟೇಶಪ್ಪನಿಗೆ,

ಬರೆಯುವುದು ನನಗಾಗದ ಕೆಲಸ, ಮಗಳು ಬಿಡಲಿಲ್ಲ. ನನ್ನ ಎದೆನೋವು ನೋಡಿದ ಡಾಕ್ಟರು, ಸತ್ತವನೊಬ್ಬನ ರಕ್ತನಾಳವನ್ನು ಸೀಸೆಯಿಂದ ತೆಗೆದು ತೋರಿಸಿದರು. ಇಕ್ಕಳದಿಂದ ತಟ್ಟಿದರೆ ಮೊಟ್ಟೆಚಿಪ್ಪಿನಂತೆ ಟಿಕ್ ಎಂದಿತು. ರಕ್ತದಲ್ಲಿ ಕಾವಲು ಕಾಯುವ ಬಿಳಿ ಕಣಗಳೇ ನಾಳದ ಗೋಡೆಗೆ ನುಗ್ಗಿ, ಕೊಬ್ಬು ತಿಂದು ಊದಿ, ಅಲ್ಲೇ ಸತ್ತು ಗಟ್ಟಿಯಾಗುತ್ತವಂತೆ.

“ಕಾಯೋನೇ ದಾರಿ ಕಟ್ತಾನಾ?” ಅಂದೆ.

“ಹೂಂ ಯಜಮಾನ್ರೇ, ಇಪ್ಪತ್ತು ವರ್ಷದಿಂದ ಕಟ್ತಾ ಬರ್ತಾನೆ.”

ನನಗೆ ನಂಬಿಕೆಯಿಲ್ಲ. ಮಾತ್ರೆ ಮಾತ್ರ ನುಂಗುತ್ತಿದ್ದೇನೆ. ಅಪ್ಪ ಎದೆ ಹಿಡಿದುಕೊಂಡು ಸತ್ತಾಗ, ಚಿಕ್ಕಮ್ಮ ಭದ್ರಮ್ಮ ಮುದ್ದೆಯಲ್ಲಿ ಮದ್ದು ಹಾಕಿದಳೆಂದು ಅವಳ ಹೊಸಿಲು ತುಳಿಯುವುದನ್ನೇ ಬಿಟ್ಟೆವು. ಅದಕ್ಕೂ ಮುಂಚೆ ಅಪ್ಪನಿಗೆ ಎದೆ ನೋಯುತ್ತಿತ್ತೇ? ಜೊತೆಗಿದ್ದವನು ನೀನು. ನನ್ನ ಸುದ್ದಿ ಕೇಳಿ, ಇದೇ ತಿಂಗಳ ಹತ್ತೊಂಬತ್ತಕ್ಕೆ ಅವಳು ನನಗೆ ಊಟ ಕಟ್ಟಿಕೊಂಡು ಬರುತ್ತಾಳಂತೆ. ಹದಿನೆಂಟರೊಳಗೆ ನಿನ್ನ ಉತ್ತರ ಬರಬೇಕು.

ಅಣ್ಣ ಪಾಪಯ್ಯ