ಮೋರಿಯ ಪಕ್ಕದ ಮೀನು

ಜೂನ್ ೯, ಸೋಮವಾರ

ಆ ಮೀನು ಕಣ್ಣಮುಂದಿನಿಂದ ಹೋಗುತ್ತಿಲ್ಲ. ಹನ್ನೆರಡು ವರ್ಷದಿಂದ ಊರಿನ ಮಳೆನೀರಿನ ಚರಂಡಿಗಳನ್ನು ನೋಡಿಕೊಳ್ಳುತ್ತಿರುವವನು ನಾನು. ‘ಈ ನೀರು ನೇರ ಕೆರೆಗೆ ಹೋಗುತ್ತದೆ, ಇಲ್ಲಿ ಏನನ್ನೂ ಸುರಿಯಬೇಡಿ’ ಎಂದು ಬೀದಿಬೀದಿಗೂ ಫಲಕ ಹಾಕಿಸಿದೆ. ಒಬ್ಬರಾದರೂ ಓದಿದರೆ ಕೇಳಿ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಪ್ರತಿ ಮೋರಿಯ ಪಕ್ಕ ಒಂದೊಂದು ನೀಲಿ ಮೀನು ಬರೆದಳು, ಅಷ್ಟೇ. ಇವತ್ತು ಸಭೆಯಲ್ಲಿ ಸಾಹೇಬರು, "ತಲೆ ಓಡಿಸೋದು ಅಂದ್ರೆ ಇದು ಕಣ್ರೀ" ಅಂದರು. ಹಾಗಾದರೆ ನನ್ನ ತಲೆಯಲ್ಲಿರುವುದು ಹೂಳೇ? ಹೊಟ್ಟೆ ಉರಿಯುತ್ತಿದ್ದರೂ ಚಪ್ಪಾಳೆ ತಟ್ಟಿದೆ. ಮೀನಿಗೆ ಈಜುರೆಕ್ಕೆ ಬರೆಯುವುದನ್ನೇ ಮರೆತಿದ್ದಾಳೆ, ಅದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಆ ಸಿಟ್ಟಿನಲ್ಲೇ ಸಂಜೆ ಸ್ಕೂಟರ್ ತೊಳೆದು, ಎಣ್ಣೆ ಜಿಡ್ಡಿನ ಸೋಪುನೀರನ್ನು ಮನೆಮುಂದಿನ ಮೋರಿಗೆ ಸುರಿಯಹೊರಟೆ. ಹೌದು, ನಾನೇ. ಹೆಂಡತಿ ಓಡಿಬಂದು ಬಕೆಟ್ ಹಿಡಿದುಕೊಂಡಳು.

"ಅಯ್ಯೋ, ಏನ್ರೀ ಮಾಡ್ತಿದ್ದೀರಾ? ಅಲ್ಲಿ ಮೀನಿದೆ!"

"ಹನ್ನೆರಡು ವರ್ಷದಿಂದ ನಾನು ಹೇಳ್ತಿರೋದೂ ಅದೇ ಅಲ್ವೇನೇ?"

"ನೀವು ಯಾವಾಗ ಹೇಳಿದ್ರಿ?"

ಕುಹಕವಲ್ಲ, ನಿಜಕ್ಕೂ ಕೇಳಿದಳು. ನಾನು ಹಾಕಿಸಿದ ಮೊದಲ ಫಲಕ ನಮ್ಮ ಗೇಟಿಗೇ ಇದೆ. ಅವಳು ದಿನಾ ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕುತ್ತಾಳೆ.