ಚಿತ್ರದ ಹಿಂದೆ ಬರೆದ ಹೆಸರು

ಚಿತ್ತವಾಡ್ಗಿ, ಹೊಸಪೇಟೆ
೯ ಫೆಬ್ರವರಿ ೧೯೩೭

ಅಕ್ಕರೆಯ ಅವ್ವನ ಪಾದಕ್ಕೆ ಕೊಟ್ರಯ್ಯನ ಶರಣು.

ಮೊಣಕಾಲು ನೋವು ಹೇಗಿದೆ? ಕೆಮ್ಮು ಇಳಿಯಿತೇ? ಕೇಳುವುದಕ್ಕೂ ನಾಚಿಕೆಯಾಗುತ್ತದೆ. ಶುಕ್ರವಾರ ನಿನ್ನೆದುರಿಗೇ ನಿಂತು, ಆ ಕೆಮ್ಮನ್ನು ಕಿವಿಯಾರೆ ಕೇಳಿ, ಕೇಳದವನಂತೆ ಬಂದವನು ನಾನು. ಈ ಕಾಗದವನ್ನು ಪಕ್ಕದ ಮನೆ ಶಾಂತಕ್ಕನ ಕೈಲಿ ಓದಿಸಬೇಡ. ಅಜ್ಜ ನಿನಗೆ ಅಕ್ಷರ ಕಲಿಸಿದ್ದು ನನ್ನ ಪುಣ್ಯ. ನೀನೇ ಕೂತು ನಿಧಾನವಾಗಿ ಓದಿಕೋ.

ನಮ್ಮ ಫೋಟೋ ಸ್ಟುಡಿಯೋಕ್ಕೆ ಬಳ್ಳಾರಿಯಿಂದ ಪ್ರಭಂಜನರಾಯರು ಬಂದಿದ್ದಾರೆಂದು ಹಿಂದೆ ಬರೆದಿದ್ದೆನಲ್ಲ. ಹಂಪಿಗೆ ಬಂದವರೆಲ್ಲ ಉಗ್ರನರಸಿಂಹನ ಮುಂದೆ ಕ್ಯಾಮೆರಾ ಹೂಡಿದರೆ, ಇವರು ಬಜಾರಿನ ಕಂಬಕ್ಕೆ ಸಗಣಿ ಕುಳ್ಳು ತಟ್ಟುವವಳ ಚಿತ್ರ ತೆಗೆಯುತ್ತಾರೆ. ಬುಕ್ಕಸಾಗರದಲ್ಲಿ ಹರಿಗೋಲನ್ನು ತಲೆಯ ಮೇಲೆ ಹೊತ್ತು ಹೊಳೆಗೆ ಹೊರಟವನು, ಕಂಪ್ಲಿ ಸಂತೆಯಲ್ಲಿ ಬದನೆಕಾಯಿಗೆ ಜಗಳ ತೆಗೆದ ಮುದುಕಿ, ಇಂಥವರೇ ಅವರಿಗೆ ಬೇಕು. ಆ ಚಿತ್ರಗಳನ್ನು ನೋಡುತ್ತಿದ್ದರೆ ಆ ಜನರ ಪಕ್ಕದಲ್ಲೇ ನಿಂತಂತಾಗುತ್ತದೆ. ನನಗೆ ಹುಚ್ಚು ಹಿಡಿಯಿತು. ರಾಯರಂತೆ ಪಂಚೆ ಎತ್ತಿ ಕಟ್ಟಿದೆ, ಅವರಂತೆ ಕಣ್ಣು ಕಿರಿದು ಮಾಡಿ ಬೆಳಕು ನೋಡಿದೆ. ಅವರು ಮೊದಲು ಜನರ ಹತ್ತಿರ ಕೂತು, ಎಲೆ ಅಡಿಕೆ ಹಂಚಿಕೊಂಡು ಕಷ್ಟಸುಖ ಕೇಳುವುದನ್ನು ಮಾತ್ರ ಹೊತ್ತು ಕಳೆಯುವ ಚಟವೆಂದುಕೊಂಡೆ. ಅವರ ಮುಂದೆ ದೊಡ್ಡವನಾಗಿ ಕಾಣಬೇಕೆಂದು ಒಂದು ಸುಳ್ಳನ್ನೂ ಹೇಳಿದ್ದೆ: ನಮ್ಮೂರು ಮೆಟ್ರಿಯಲ್ಲಿ ನಮ್ಮದು ದೊಡ್ಡ ಮನೆತನ, ಅವ್ವ ಆಳುಗಳನ್ನಿಟ್ಟುಕೊಂಡು ಗದ್ದೆ ಮಾಡಿಸುತ್ತಾಳೆ ಎಂದು. ಅಪ್ಪ ಹೋದ ಮೇಲೆ ನೀನು ದುಡಿಯಲು ಸಂಡೂರು ಸೇರಿದ್ದನ್ನು ಬಾಯಿಬಿಡಲಿಲ್ಲ. ನೀನೂ ನನಗೆ, ಮೇಸ್ತ್ರಿಯ ಮನೆಯಲ್ಲಿ ಅಡುಗೆ ಕೆಲಸ, ನೆರಳಲ್ಲೇ ಇರುತ್ತೇನೆ ಎಂದಿದ್ದೆ. ನಾನು ನಂಬಿದೆ. ನಂಬುವುದು ಸುಲಭವಾಗಿತ್ತು.

ಶುಕ್ರವಾರ ರಾಯರು ನನ್ನನ್ನು ಸಂಡೂರಿನಲ್ಲಿ ರೈಲಿಗೆ ಅದಿರು ತುಂಬುವ ಕಟ್ಟೆಗೆ ಕರೆತಂದರು. "ಇವತ್ತು ನೀನ ತಗಿ. ನಾ ಸುಮ್ನ ನೋಡ್ತೀನಿ" ಎಂದರು. ಹೆಂಗಸರು ತಲೆಯ ಮೇಲೆ ಅದಿರಿನ ಪುಟ್ಟಿ ಹೊತ್ತು ಹಲಗೆಯೇರಿ ವ್ಯಾಗನ್ನಿಗೆ ಸುರಿಯುತ್ತಿದ್ದರು. ಓರೆ ಬಿಸಿಲು, ಕರಿ ಧೂಳು ಹೊಗೆಯಂತೆ ಎದ್ದಿತ್ತು. ಒಬ್ಬಾಕೆ ಹಲಗೆಯ ನಡುವೆ ನಿಂತು, ಒಂದು ಕೈ ಪುಟ್ಟಿಗೆ ಕೊಟ್ಟು, ಇನ್ನೊಂದನ್ನು ಮೊಣಕಾಲಿಗೆ ಊರಿ ಕೆಮ್ಮಿದಳು. ಆ ಕೈ ಊರಿದ ರೀತಿಯಿಂದಲೇ ನೀನೆಂದು ಗೊತ್ತಾಯಿತು. ಗೊತ್ತಾದ ಮೇಲೂ ಬೆರಳು ನಿಲ್ಲಲಿಲ್ಲ ಅವ್ವಾ. ಇದು ರಾಯರು ತೆಗೆಯುವಂಥ ಚಿತ್ರ ಎಂಬುದೊಂದೇ ತಲೆಯಲ್ಲಿತ್ತು. ಒತ್ತಿಬಿಟ್ಟೆ.

ರಾಯರು ಬೆನ್ನು ತಟ್ಟಿ, "ಭಾಳ ಛಲೋ ಸಿಕ್ತು. ನಡಿ, ಆಕಿ ಹೆಸರು ಕೇಳೋಣು. ಹೆಸರು ಗೊತ್ತಿಲ್ದ ನಾ ಯಾರ ಚಿತ್ರಾನೂ ಇಟ್ಕೊಳ್ಳಂಗಿಲ್ಲ" ಎಂದು ನನ್ನ ಜೊತೆಯೇ ಬಂದರು. ನೀನು ಪುಟ್ಟಿ ಇಳಿಸಿ ನಿಂತಿದ್ದೆ. ನನ್ನ ಇಸ್ತ್ರಿ ಅಂಗಿಯನ್ನು ನೋಡಿದೆ, ರಾಯರನ್ನು ನೋಡಿದೆ. "ನಿನ್ನ ಹೆಸರೇನಮ್ಮಾ?" ಎಂದು ಕೇಳಿದವನು ನಾನೇ. ನೀನು ತಡವರಿಸಲೂ ಇಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, "ಎಲ್ಲಮ್ಮ ಅಂತ ಬರ್ಕೊಳ್ರೀ ಸಾಹೇಬ್ರ" ಎಂದೆ. ಹೆತ್ತ ಮಗನಿಗೆ ರೀ ಎಂದು ಪುಟ್ಟಿ ಎತ್ತಿಕೊಂಡು ಹೋದೆ. ನಾನು ಬರೆದುಕೊಂಡೆ.

ಹೇಳಬಾರದ್ದು, ಆದರೂ ಹೇಳುತ್ತೇನೆ: ನೀನು ಆ ಸುಳ್ಳು ಹೆಸರು ಹೇಳಿದಾಗ, ಸದ್ಯ ಬದುಕಿದೆ ಅನ್ನಿಸಿತು. ಆಮೇಲೆ ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ನಿನ್ನ ಮುಖ ನಿಧಾನವಾಗಿ ಮೂಡುತ್ತ ಬಂತು. ಮಗ ಕಂಡನೆಂಬ ಸಂತೋಷ ತುಟಿಯ ಒಂದು ತುದಿಯಲ್ಲಿ ಇನ್ನೂ ಇದೆ ಅದರಲ್ಲಿ. ಕ್ಯಾಮೆರಾದ ಹಿಂದೆ ನಿಂತವನನ್ನು ನೀನು ಆಗಲೇ ಗುರುತಿಸಿದ್ದೆ. ಚಿತ್ರದ ಹಿಂದೆ "ಎಲ್ಲಮ್ಮ, ಸಂಡೂರು" ಎಂದು ನನ್ನ ಕೈಯಾರೆ ಬರೆದೆ. ಸಂಗಮ್ಮ ಎನ್ನುವ ನಿನ್ನ ಹೆಸರಿನ ಮೂರಕ್ಷರಕ್ಕೆ ಪೆನ್ಸಿಲ್ ಏಳಲಿಲ್ಲ. ರಾಯರು ಮದರಾಸಿನ ಪ್ರದರ್ಶನಕ್ಕೆ ಕಳಿಸುತ್ತಾರಂತೆ. ಎಲ್ಲರೂ ಹೊಗಳುತ್ತಾರೆ.

ಮೊಣಕಾಲಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೋ. ಶಾಂತಕ್ಕನನ್ನು ಕೇಳಿದೆನೆಂದು ಹೇಳು. ನಿನ್ನ ಆಶೀರ್ವಾದ ಬೇಡಲು ಇವತ್ತು ಬಾಯಿಲ್ಲ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ,
ಕೊಟ್ರಯ್ಯ

ತಾ.ಕ.: ಮೇಲಿನದನ್ನು ಬರೆದಿಟ್ಟು ಒಂದು ದಿನವಾಯಿತು. ಟಪಾಲು ಹೊರಡುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ರಾಯರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿಲ್ಲ. ಮದರಾಸಿನ ಕಟ್ಟು ಬಿಚ್ಚಿ ಚಿತ್ರವನ್ನು ನನ್ನ ಕೈಗಿಟ್ಟು, "ಇದನ್ನ ಕಳಿಸ್ಬೇಕೋ ಬ್ಯಾಡೋ, ನಿಮ್ಮವ್ವನ್ನ ಕೇಳು" ಎಂದು ಒಳಗೆ ಹೋದರು. ಬರುವ ಶುಕ್ರವಾರ ಬರುತ್ತೇನೆ. ಮನೆಗೆ ಬರುವುದಿಲ್ಲ, ಕಟ್ಟೆಗೇ ಬರುತ್ತೇನೆ. ಎಲ್ಲರೂ ಇರುವಾಗ ಅವ್ವಾ ಎಂದು ಕೂಗುತ್ತೇನೆ. ಆಮೇಲೆ ಬೈಯಿ, ಹೊಡಿ. ಕೂಗಿದಾಗ ಮಾತ್ರ ಒಮ್ಮೆ ಓ ಅನ್ನು.