ಅವಳ ಮಾತನ್ನು ಅವಳೇ ಹೇಳಿದ ದಿನ

ಮೂರನೇ ಮಹಡಿಯ ಮನೆಯಿಂದ
ತಾ. ೧೪, ಮಂಗಳವಾರ ಮಧ್ಯಾಹ್ನ

ಚಿರಂಜೀವಿ ಮಗನಿಗೆ ನಿನ್ನಮ್ಮನ ತುಂಬು ಹೃದಯದ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಬೆನ್ನುನೋವು ಹೇಗಿದೆ? ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬಗ್ಗಿ ಕೂತು ಗಾಜು ಉಜ್ಜುವವನಿಗೆ ನೆಟ್ಟಗೆ ಕೂತುಕೋ ಎಂದು ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಆದರೂ ಹೇಳುತ್ತೇನೆ. ನಿನ್ನ ಕಾಗದಪತ್ರ ಸರಿಹೋಗಿ ನೀನೂ ಈ ಪರದೇಶಕ್ಕೆ ಬಂದು ನಮ್ಮನ್ನು ಸೇರುವವರೆಗೆ ನಿನ್ನ ಹೊಟ್ಟೆಯ ಚಿಂತೆ ನನಗೆ ತಪ್ಪಿದ್ದಲ್ಲ. ನಾನು ಗಟ್ಟಿಯಾಗಿದ್ದೇನೆ, ಮಂಡಿಗಳು ಮಾತ್ರ ಮೆಟ್ಟಿಲು ಹತ್ತುವಾಗ ತಕರಾರು ತೆಗೆಯುತ್ತವೆ. ನಿನ್ನ ಹೆಂಡತಿಗೆ ವೃದ್ಧರ ಆರೈಕೆಯ ಮನೆಯಲ್ಲಿ ಒಂದು ದಿನ ಬೆಳಗಿನ ಪಾಳಿ, ಇನ್ನೊಂದು ದಿನ ಸಂಜೆಯ ಪಾಳಿ. ಅಲ್ಲಿನ ಮುದುಕರಿಗೆ ಸ್ನಾನ ಮಾಡಿಸಿ ಬಂದು ಇಲ್ಲಿನ ಮುದುಕಿಯ ಕಾಲೊತ್ತಲು ಕೂರುತ್ತಾಳೆ, ನಾನು ಬೈದು ಮಲಗಿಸುತ್ತೇನೆ. ಸೊಸೆ ಎಂದರೆ ಹೀಗಿರಬೇಕು. ಇದನ್ನು ಅವಳಿಗೆ ಹೇಳಬೇಡ, ತಲೆಯ ಮೇಲೆ ಕೂರುತ್ತಾಳೆ. ಮೊಮ್ಮಗನೋ, ಚೆಂಡಿನ ಹಿಂದೆ ಓಡಿ ಓಡಿಯೇ ಇಲ್ಲಿನ ಹುಡುಗರಲ್ಲಿ ಒಬ್ಬನಾಗಿಬಿಟ್ಟಿದ್ದಾನೆ. ಒದೆಯುವುದಕ್ಕೆ ಭಾಷೆ ಬೇಕಿಲ್ಲ ನೋಡು.

ಈಗ ನಿನ್ನ ಮಗಳ ವಿಷಯ. ಫೋನು ಹಿಡಿದರೆ ಮನೆಮಂದಿಯೆಲ್ಲ ಸುತ್ತ ನಿಂತಿರುತ್ತಾರೆ, ಅದಕ್ಕೇ ಈ ಕಾಗದ. ಹೋದ ಸಲ ಅವಳ ಸೋತ ದನಿ ಕೇಳಿ ನೀನು, ಪರೀಕ್ಷೆ ಮುಗಿದ ಕೂಡಲೇ ಕಳಿಸಿಬಿಡಿ, ಹಳೆಯ ಶಾಲೆಗೇ ಸೇರಿಸುತ್ತೇನೆ, ಟಿಕೆಟ್ ನೋಡುತ್ತೇನೆ ಎಂದೆಯಲ್ಲ, ಆಗ ನಾನೂ ಹೂಂ ಎಂದವಳೇ. ಅಲ್ಲಿ ಅವಳ ಕೈಗೆ ಮೈಕು ಕೊಟ್ಟರೆ ಬಿಡಿಸಿಕೊಳ್ಳಲು ಇಬ್ಬರು ಮೇಷ್ಟ್ರು ಬೇಕಿತ್ತು, ಬಾಯಿಬಡುಕಿ ಎಂದು ನೀನೇ ಹೆಸರಿಟ್ಟಿದ್ದೆ. ಇಲ್ಲಿಗೆ ಬಂದ ಮೇಲೆ ಅದೇ ಹುಡುಗಿ ಗೋಡೆಗೆ ಒರಗಿ ಕೂರುವುದು, ಊಟದ ಡಬ್ಬಿ ಅರ್ಧ ತುಂಬಿಯೇ ವಾಪಸ್ ಬರುವುದು, ಕೇಳಿದರೆ ಹಸಿವಿರಲಿಲ್ಲ ಎನ್ನುವುದು. ಹದಿನಾರರ ವಯಸ್ಸಿನಲ್ಲಿ ಹಸಿವಿಲ್ಲ ಎಂದರೆ ಯಾರು ನಂಬುತ್ತಾರೆ?

ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು, ಮನೆಯವರು ಒಮ್ಮೆ ಬಂದು ಹೋಗಿ ಎಂದು. ಸೊಸೆಗೆ ಪಾಳಿ ಬಿಡುವಂತಿರಲಿಲ್ಲ, ನಾನು ಹೊರಟೆ. ಒಂದು ವಾರ ತಡೆದರೆ ನಿಮ್ಮ ಭಾಷೆಯ ದುಭಾಷಿಯನ್ನು ಕರೆಸುತ್ತೇವೆ ಎಂದರಂತೆ. ಮನೆಯಲ್ಲೇ ಮೊಮ್ಮಗಳಿರುವಾಗ ಹೊರಗಿನಿಂದ ಬಾಯಿ ತರಿಸುವುದೇಕೆ ಎಂದು ನಾನು ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಆಸ್ಪತ್ರೆಯಲ್ಲಿ, ಮನೆ ಬಾಡಿಗೆಯ ಕಚೇರಿಯಲ್ಲಿ, ನಲ್ಲಿ ರಿಪೇರಿಯವನ ಹತ್ತಿರ, ಎಲ್ಲ ಕಡೆಯೂ ಅವಳೇ ತಾನೆ ನಮ್ಮ ಪರವಾಗಿ ಮಾತಾಡುವುದು. ಅವಳ ಬಗ್ಗೆಯೇ ನಡೆಯುವ ಮಾತಿಗೆ ಅವಳನ್ನೇ ದುಭಾಷಿ ಮಾಡಿದ ಬುದ್ಧಿವಂತೆ ನಿನ್ನಮ್ಮ. ನಗಬೇಡ, ನೀನಿದ್ದರೂ ಅದನ್ನೇ ಮಾಡುತ್ತಿದ್ದೆ.

ಚಿಕ್ಕ ಕೋಣೆ, ತಗ್ಗಾದ ಮೂರು ಕುರ್ಚಿ, ಮೇಜಿನ ಮೇಲೆ ಕಣ್ಣೊರೆಸುವ ಕಾಗದದ ಡಬ್ಬಿ. ಮಕ್ಕಳ ಮನಸ್ಸಿನ ಕಷ್ಟಸುಖ ವಿಚಾರಿಸುವ ಟೀಚರು, ನಿನ್ನ ಹೆಂಡತಿಯ ವಯಸ್ಸಿನವಳು, ಮೆತ್ತಗೆ ಮಾತಾಡಿದಳು. ನಮ್ಮ ಹುಡುಗಿ ಬೇರೆ ಯಾರದೋ ಸುದ್ದಿಯಂತೆ ನನಗೆ ಹೇಳಿದಳು: "ನಿಮ್ಮ ಮೊಮ್ಮಗಳು ಊಟದ ಹಾಲಿಗೆ ಬರೋದಿಲ್ವಂತೆ. ಆಟದ ಸಾಮಾನಿನ ಕೋಣೇಲಿ ಒಬ್ಬಳೇ ಕೂರ್ತಾಳಂತೆ. ಅಳ್ತಾ ಇದ್ದಿದ್ದನ್ನ ನೋಡಿದಾರಂತೆ." ಸಂಸಾರ ಗುಟ್ಟು, ವ್ಯಾಧಿ ರಟ್ಟು ಎನ್ನುವ ಗಾದೆಯಲ್ಲಿ ಮೊದಲರ್ಧವನ್ನಷ್ಟೇ ಬಾಯಿಪಾಠ ಮಾಡಿದವಳು ನಾನು. ಏನೂ ಇಲ್ಲ, ಹುಡುಗಿ ಚೆನ್ನಾಗೇ ಇದ್ದಾಳೆ ಅಂತ ಹೇಳು ಎಂದೆ. ಹೇಳಿದಳು. ಅಲ್ಲಿಗೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು, ಕೇಳುವವರು ಯಾರು? ಆದರೆ ನನ್ನ ಕಡೆ ತಿರುಗಿ, "ಅಜ್ಜಿ, ನೀನು ಹೇಳಿದ್ದನ್ನ ಹಾಗೇ ಹೇಳ್ದೆ. ಆದ್ರೆ ಅದು ನಿಜ ಅಲ್ಲ. ಈಗ ನನ್ನ ಮಾತು ನಾನು ಹೇಳ್ತೀನಿ, ನಿಂಗೂ ಹೇಳ್ತೀನಿ" ಎಂದಳು.

ಮಗನೇ, ಆಮೇಲೆ ಅವಳು ಒಂದು ವಾಕ್ಯ ಅವರ ಭಾಷೆಯಲ್ಲಿ, ಒಂದು ವಾಕ್ಯ ಕನ್ನಡದಲ್ಲಿ, ಹೀಗೆ ತನ್ನ ಸಂಕಟವನ್ನು ಎರಡೆರಡು ಸಲ ಹೇಳಿದಳು. ಇಲ್ಲಿ ಯಾರೂ ಕೆಟ್ಟವರಲ್ಲವಂತೆ. ಆದರೆ ಅವಳು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಉಳಿದವರ ಮಾತು ಮುಂದಕ್ಕೆ ಹೋಗಿರುತ್ತದಂತೆ. "ಇಲ್ಲಿ ಎಲ್ರೂ ನನ್ನ ಮೌನಗೌರಿ ಅನ್ಕೊಂಡಿದಾರೆ ಅಜ್ಜಿ. ನಾನು ತಮಾಷೆ ಮಾಡ್ತೀನಿ ಅಂತ ಒಬ್ರಿಗೂ ಗೊತ್ತಿಲ್ಲ" ಎಂದಳು. ಮನೆಗೆ ಬಂದರೆ ಅಮ್ಮ ದಣಿದಿರುತ್ತಾಳೆ, ಅಪ್ಪ ದೂರ, ಹಾಗಾಗಿ ಎಲ್ಲರಿಗೂ ಚೆನ್ನಾಗಿದ್ದೀನಿ ಎಂದು ಹೇಳಿ ಹೇಳಿ ಸಾಕಾಯಿತು ಎಂದಳು. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಮನೆಯ ಕೆಲಸಗಳಿಗೆ ಇನ್ನು ಇವಳನ್ನು ದುಭಾಷಿಯಾಗಿ ಕರೆದೊಯ್ಯಬೇಡಿ ಎಂದು ಟೀಚರು ಹೇಳಿದಾಗ ಮಾತ್ರ, ನನಗೆ ಬೇಜಾರಾದೀತೆಂದು ಸ್ವಲ್ಪ ತಡವರಿಸಿದಳು. ಕೊನೆಗೆ ಅದನ್ನೂ ಬಿಡದೆ ಹೇಳಿದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆ ಬಂತು. ನಮ್ಮ ವಂಶದಲ್ಲಿ ಇಷ್ಟು ಧೈರ್ಯ ಯಾರಿಗಿತ್ತು ಹೇಳು? ನಿಮ್ಮಪ್ಪ ಹಲ್ಲುನೋವನ್ನೇ ನಾಲ್ಕು ವರ್ಷ ಮುಚ್ಚಿಟ್ಟವರು.

ಅಂದಿನಿಂದ ಆಸ್ಪತ್ರೆಗೆ ಹೋದರೆ ಫೋನಿನೊಳಗಿನ ದುಭಾಷಿಯೇ ನನಗೆ ಗತಿ. ಆ ಪುಣ್ಯಾತ್ಮ ಮೊದಲ ದಿನ ಡಾಕ್ಟರ ಪ್ರಶ್ನೆಯನ್ನು ಕನ್ನಡಕ್ಕೆ ತಂದು, "ತಮಗೆ ಮಲವಿಸರ್ಜನೆ ಸುಗಮವಾಗಿ ಜರುಗುತ್ತಿದೆಯೇ?" ಎಂದ. ಅಷ್ಟು ಗೌರವವಾಗಿ ನನ್ನನ್ನು ಜನ್ಮದಲ್ಲಿ ಯಾರೂ ವಿಚಾರಿಸಿರಲಿಲ್ಲ. ಮನೆಗೆ ಬಂದು ಹೇಳಿದರೆ ನಿನ್ನ ಮಗಳು ನೆಲಕ್ಕೆ ಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು.

ಗುರುವಾರಗಳಂದು ಶಾಲೆ ಬಿಟ್ಟ ಮೇಲೆ ಹೊಸದಾಗಿ ಬಂದ ಮಕ್ಕಳೆಲ್ಲ ಒಂದು ಕೋಣೆಯಲ್ಲಿ ಸೇರುತ್ತಾರೆ. ಒಂದೊಂದು ದೇಶದ್ದು ಒಂದೊಂದು ಕೂಸು. ಕರೆತರಲು ಹೋದಾಗ ಗೇಟಿನ ಬಳಿ ನಿಂತು ನೋಡುತ್ತೇನೆ. ಒಬ್ಬನಿಗೆ ಅಣ್ಣನ ಕೋಟು, ತೋಳು ಬೆರಳು ದಾಟಿರುತ್ತದೆ. ಒಬ್ಬಳು ನಕ್ಕ ತಕ್ಷಣ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ನಾವು ದೊಡ್ಡವರು ಯೋಚಿಸಿ, ಅಳೆದು ಸುರಿದು ವಿಮಾನ ಹತ್ತಿದೆವು. ಈ ಮಕ್ಕಳನ್ನು ಯಾರು ಕೇಳಿದರು? ಆದರೂ ದಿನಾ ಬೆಳಿಗ್ಗೆ ಎದ್ದು ಚೀಲ ಹೆಗಲಿಗೇರಿಸಿ, ಅರ್ಧ ಅರ್ಥವಾಗುವ ಪಾಠಕ್ಕೆ ಹೋಗಿ ಕೂರುತ್ತವೆ. ಕೈ ಮುಗಿಯಬೇಕು ಅನ್ನಿಸುತ್ತದೆ ನನಗೆ. ಹೋದ ವಾರ ನಮ್ಮವಳು ತರಗತಿಯಲ್ಲಿ ಅವರ ಭಾಷೆಯಲ್ಲೇ ಒಂದು ತಮಾಷೆ ಮಾಡಿದಳಂತೆ, ಪಕ್ಕದ ಬೆಂಚಿನವಳು ನಕ್ಕಳಂತೆ. ಮನೆಗೆ ಬಂದು ನನಗೂ ಹೇಳಿದಳು. ಒಂದಕ್ಷರ ತಿಳಿಯದಿದ್ದರೂ ನಾನು ಹೊಟ್ಟೆ ಹಿಡಿದು ನಕ್ಕೆ. ಎಲ್ಲ ಸರಿಹೋಯಿತು ಎನ್ನುವುದಿಲ್ಲ. ನಿನ್ನೆ ಬಂದವಳೇ ಬಾಗಿಲು ಹಾಕಿಕೊಂಡಳು. ಆದರೆ ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಇವತ್ತು ಚೆನ್ನಾಗಿರಲಿಲ್ಲ ಎಂದು ತಾನಾಗಿಯೇ ಹೇಳಿದಳು, ಊಟವನ್ನೂ ಮಾಡಿದಳು.

ಸೊಸೆ ನಿನ್ನನ್ನು ಕೇಳಿದ್ದಾಳೆ, ಮೊಮ್ಮಗ ಹೊಸ ಬೂಟು ಕೇಳಿದ್ದಾನೆ. ಹೊತ್ತುಹೊತ್ತಿಗೆ ಉಣ್ಣು. ದೇವರು ನಿನ್ನನ್ನು ಬೇಗ ನಮ್ಮ ಹತ್ತಿರ ಕರೆತರಲಿ.

ಇತಿ,
ನಿನ್ನನ್ನು ನೋಡಲು ಕಾದಿರುವ
ಅಮ್ಮ

ತಾ.ಕ.: ಅಂಚೆಗೆ ಹಾಕಲು ಸೊಸೆ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಟಿಕೆಟ್ ತೆಗೆಸಬೇಡ. ವಾಪಸ್ ಹೋಗುತ್ತೀಯಾ ಎಂದು ಅವಳನ್ನೇ ಕೇಳಿದೆ. ಆಸೆ ಇದೆ, ಆದರೆ ಹೋಗಲ್ಲ ಎಂದಳು. ಭಾನುವಾರ ಫೋನಿನಲ್ಲಿ ನಿನಗೆ ಎಲ್ಲವನ್ನೂ ತಾನೇ ಹೇಳುತ್ತಾಳಂತೆ. ಇನ್ನೊಂದು ಮಾತು. ನೀನು ಆ ಖಾಲಿ ಮನೆಯಲ್ಲಿ ಮಲಗುತ್ತಿಲ್ಲ, ಅಂಗಡಿಯಲ್ಲೇ ಮಲಗುತ್ತಿದ್ದೀಯ ಎಂದು ಅವಳಿಗೆ ಬಹಳ ದಿನದಿಂದ ಗೊತ್ತು. ಮಲಗುವ ಹೊತ್ತಿನಲ್ಲಿ ವಿಡಿಯೋದಲ್ಲಿ ಮಾತಾಡುವಾಗಲೂ ನಿನ್ನ ಬೆನ್ನ ಹಿಂದೆ ಕನ್ನಡಕದ ಕಪಾಟು, ಅದರ ಕೆಳಗೆ ದಿಂಬು ಕಾಣುತ್ತದಂತೆ. ನಾವು ಯಾರೂ ಗಮನಿಸಿರಲಿಲ್ಲ. "ಅಪ್ಪ ನನ್ನ ವಾಪಸ್ ಬಾ ಅಂದಿದ್ದು ನಂಗೋಸ್ಕರಾನಾ, ಅವರಿಗೋಸ್ಕರಾನಾ ಅಜ್ಜಿ?" ಎಂದು ಕೇಳಿದಳು. ನಿಮ್ಮಪ್ಪನನ್ನೇ ಕೇಳು ಎಂದೆ. ಭಾನುವಾರ ನಿನ್ನನ್ನೂ ಕೇಳುತ್ತಾಳೆ. ನಿಜವನ್ನೇ ಹೇಳಪ್ಪ, ಅವಳು ತಡೆದುಕೊಳ್ಳುತ್ತಾಳೆ.